ಚೊಂಬು ಹಿಡಿದು ನಡೆಯುವ ಡ್ರೈವರ್

ಬೆಳಗಿನ ಜಾವ. ಕೊಳ್ಳೇಗಾಲದಿಂದ ಮುಳ್ಳೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಇನ್ನೂ ಮುಖ ಗುರುತು ಸಿಗದಷ್ಟು ಕತ್ತಲು. ಖಾಕಿ ಅಂಗಿ ತೊಟ್ಟು, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದವರೊಬ್ಬರು ಬಲಗೈಯಲ್ಲಿ ಹಿತ್ತಾಳೆ ಚೊಂಬು ಹಿಡಿದು ಬಿರಬಿರನೆ ಬರುತ್ತಿದ್ದಾರೆ. ಆ ಹೊತ್ತಿನಲ್ಲಿ ಆ ವೇಷದಲ್ಲಿ ಬರುವವರನ್ನು ಮಾತನಾಡಿಸಬಾರದು ಎಂಬ ಮರ್ಯಾದೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಾನು ಬೇಲಿಯ ಕಡೆ ಮುಖ ತಿರುಗಿಸಿ, ಅಲ್ಲಿ ಇಲ್ಲದ ಹಕ್ಕಿಯನ್ನು ನೋಡುತ್ತಾ ನಿಲ್ಲುತ್ತೇನೆ.

"ಯಾಕ್ ಸಾ ಮಕ ತಿರುಗಿಸ್ಕಂಡ್ರಿ? ಪೇಪರ್‌ನೋರು ನೀವೇ ತಾನೆ? ಬನ್ನಿ, ನಿಂತ್ಕಂಡ್ರೆ ಆಗಕಿಲ್ಲ, ನಡ್ಕಂಡೇ ಮಾತಾಡಾನ" ಎನ್ನುತ್ತಾ ಅವರು ದಾಟಿ ಹೋಗುತ್ತಾರೆ. ನಾನು ಹಿಂದಿನಿಂದ ಓಡುತ್ತೇನೆ. ಚೊಂಬಿನ ತುಂಬ ನೀರಿದೆ. ಮುಳ್ಳೂರಿನ ದಾರಿಯಲ್ಲಿ ಅಷ್ಟು ದೂರ ಹೋಗಿ ತಿರುಗಿ ಬಂದರೂ ಅದು ಖರ್ಚಾಗಿಲ್ಲ. ಊರು ಹತ್ತಿರವಾದಾಗ ಅವರು ಆ ನೀರನ್ನು ದಾರಿ ಬದಿಯ ಹೊಂಗೆ ಸಸಿಗೆ ಸುರಿದು, ಪಂಚೆ ಇಳಿಸಿಕೊಂಡು, "ಆಯ್ತು, ಇವತ್ತಿನ ಒಂದು ಕಂತು ಮುಗೀತು" ಎಂದು ಉಸಿರುಬಿಡುತ್ತಾರೆ. ಅದರಲ್ಲಿ ಸಂತೋಷಕ್ಕಿಂತ ಸುಸ್ತೇ ಹೆಚ್ಚು ಕೇಳುತ್ತದೆ.

ಇವರು ಚಿಕ್ಕಮಾದಪ್ಪ. ಯಳಂದೂರು, ಕೊಳ್ಳೇಗಾಲ, ಹನೂರು ಮೂರೂ ಊರನ್ನು ದಿನವೂ ಒಂದೇ ದಾರಕ್ಕೆ ಪೋಣಿಸುವ ಖಾಸಗಿ ಬಸ್ಸಿನ ಚಾಲಕರು. ಹುಟ್ಟಿದ್ದು ಧನಗೆರೆಯಲ್ಲಿ. ಇದ್ದ ತುಂಡು ಹೊಲ ಅಣ್ಣನ ಪಾಲಿಗೆ ಹೋಯಿತು, ಇವರ ಪಾಲಿಗೆ ಬಸ್ಸಿನ ಹಿಂದಿನ ಏಣಿ ಬಂತು. ಕ್ಲೀನರ್ ಆಗಿ ಆ ಏಣಿ ಹತ್ತಿ ಇಳಿದು, ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರು ಸೀಮೆಗೆ ಸೇರಿದ ವರ್ಷವೇ ಸ್ಟೇರಿಂಗ್ ಹಿಡಿದರು. ಅಂದರೆ ಹದಿನಾರು ವರ್ಷವಾಯಿತು. ಈವರೆಗೆ ಒಂದು ಕುರಿಯೂ ಇವರ ಗಾಲಿಗೆ ಸಿಕ್ಕಿಲ್ಲ ಎಂದು ದಾರಿಯ ಊರುಗಳವರು ಹೇಳುತ್ತಾರೆ. ಇವರೇ ಹೇಳಿಕೊಳ್ಳುವುದಿಲ್ಲ.

ಮೂರು ವರ್ಷದ ಹಿಂದೆ ಒಂದು ಸಂಜೆ ಎದುರಿಗೆ ಬಂದ ಲಾರಿಯ ಎರಡು ದೀಪ ನಾಲ್ಕಾಗಿ ಕಂಡವು. ಯಾವ ಜೋಡಿಗೆ ದಾರಿ ಬಿಡುವುದು ಎಂದು ತಿಳಿಯದೆ ಬಸ್ಸನ್ನು ಗದ್ದೆಯ ಬದಿಗೆ ಇಳಿಸಿ ನಿಲ್ಲಿಸಿಬಿಟ್ಟರು. ಆಸ್ಪತ್ರೆಗೆ ಹೋದರೆ ಸಕ್ಕರೆ ಕಾಯಿಲೆ ಎಂದರು. ಡಾಕ್ಟರು ಹೇಳಿದ್ದು ಮೂರೇ ಮಾತು: ಸಿಹಿ ಬಿಡು, ಅನ್ನ ಕಡಿಮೆ ಮಾಡಿ ರಾಗಿ ಸೊಪ್ಪು ತಿನ್ನು, ದಿನಾ ನಡಿ. ಈ ಮೂರನ್ನು ಪಾಲಿಸದಿದ್ದರೆ ಮೊದಲು ಹೋಗುವುದು ಕಣ್ಣು. ಕಣ್ಣು ಹೋದರೆ ಡ್ರೈವರಿಗೆ ಉಳಿಯುವುದೇನು?

"ನಂಗೆ ಬ್ಯಾರೆ ಏನೂ ಬರಕಿಲ್ಲ ಸಾ. ಕಂಡಕ್ಟ್ರು ಆಗಾನ ಅಂದ್ರೆ ಓದಿಲ್ಲ. ಮೂಟೆ ಒರಾನ ಅಂದ್ರೆ ವಯಸಿಲ್ಲ. ಈ ಕಣ್ಣು ಇರಗಂಟ ನಾ ಡ್ರೈವರು, ಆಮೇಲೆ ನಾ ಯಾರೂ ಅಲ್ಲ" ಎನ್ನುತ್ತಾರೆ ಚಿಕ್ಕಮಾದಪ್ಪ. ಅವರ ಲೈಸೆನ್ಸು ಬರುವ ತಿಂಗಳು ಹೊಸದಾಗಬೇಕು. ಅದಕ್ಕೆ ಡಾಕ್ಟರ ಸಹಿ ಬೇಕು. ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಸಹಿ ಹಾಕುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದಾರೆ.

ಮೂರು ಮಾತು ಹೇಳುವುದು ಸುಲಭ, ಹೇಳಿದವರಿಗೇನು ಹೋಗಬೇಕು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಸೀಟಿನಲ್ಲಿ ಕೂತಿರುವ ಮನುಷ್ಯ ನಡೆಯುವುದು ಯಾವಾಗ? ಮೊದಮೊದಲು ಅವರು ಬಸ್ಸು ನಿಂತಾಗಲೆಲ್ಲ ಬಸ್ಸಿನ ಸುತ್ತಲೇ ನಡೆದರು. ಡ್ರೈವರು ಬಸ್ಸಿನ ಸುತ್ತ ತಲೆ ತಗ್ಗಿಸಿ ತಿರುಗುವುದನ್ನು ಕಂಡ ಪ್ರಯಾಣಿಕರು ಗಾಡಿ ಕೆಟ್ಟಿದೆ ಎಂದುಕೊಂಡು ಗಂಟುಮೂಟೆ ಸಮೇತ ಇಳಿದು ಹಿಂದಿನ ಬಸ್ಸಿಗೆ ಹತ್ತಿದರು. ಮಾಲೀಕರು ಕರೆದು ಬೈದರು. ಆಮೇಲೆ ಊರಾಚೆ ಕೆರೆ ಏರಿಯ ಕಡೆ ನಡೆಯತೊಡಗಿದರು. ಆ ದಾರಿಯಲ್ಲಿ ಸಾರಾಯಿ ಅಂಗಡಿ ಇದೆ. ವಾರ ತುಂಬುವುದರೊಳಗೆ ಡ್ರೈವರ್ ಕುಡಿಯೋದು ಕಲಿತ ಎಂಬ ಸುದ್ದಿ ಅವರಿಗಿಂತ ಮೊದಲೇ ಮನೆ ತಲುಪಿತ್ತು.

ಸುದ್ದಿಯಾಗದಿದ್ದ ದಿನ ಉಪಚಾರದ ಕಾಟ. ನಡೆಯುವವನನ್ನು ಕಂಡರೆ ನಮ್ಮ ಜನ ಬಿಡುವುದುಂಟೆ? ಎಲ್ಲಿಗೆ ಎಂದು ಕೇಳುತ್ತಾರೆ. ಎಲ್ಲಿಗೂ ಇಲ್ಲ ಎಂದರೆ ಹಾಗಾದರೆ ಕೂತ್ಕೊ ಎನ್ನುತ್ತಾರೆ. ಕೂತರೆ ಕಾಫಿ ಬರುತ್ತದೆ, ಕಾಫಿಗೆ ಒಂದು ಮುಷ್ಟಿ ಬೆಲ್ಲ ಬಿದ್ದಿರುತ್ತದೆ. ಕೊನೆಗೊಂದು ದಿನ ನಿಜವಾಗಿಯೇ ಅವಸರವಾಗಿ ಚೊಂಬು ಹಿಡಿದು ಹೊರಟಾಗ, ಊರಿಗೆ ಊರೇ ದಾರಿ ಬಿಟ್ಟಿತಂತೆ.

"ಅವತ್ತು ಜ್ಞಾನೋದಯ ಆಯ್ತು ಸಾ. ಚೊಂಬು ಇಡ್ಕಂಡೋನ ಯಾರೂ ತಡಿಯಕಿಲ್ಲ. ಎಲ್ಲಿಗೆ ಅನ್ನಕಿಲ್ಲ, ಕೂತ್ಕ ಅನ್ನಕಿಲ್ಲ. ಎಷ್ಟು ಬೇಗ ನಡದ್ರೂ ಪಾಪ ಅಂತಾರೆ" ಎಂದು ಚಿಕ್ಕಮಾದಪ್ಪ ನಗುತ್ತಾರೆ. ಅಂದಿನಿಂದ ಅವರ ಸೀಟಿನ ಕೆಳಗೆ ಒಂದು ಚೊಂಬು ಕಾಯಂ ಆಯಿತು. ಇದರಿಂದಾದ ನಷ್ಟವೆಂದರೆ ಅವರಿಗೆ ಹೊಟ್ಟೆ ನಿಲ್ಲುವುದಿಲ್ಲ ಎಂಬ ಹೆಸರು ಮೂರು ಊರಿನಲ್ಲೂ ಹಬ್ಬಿದೆ. ದಾಳಿಂಬೆ ಸಿಪ್ಪೆ ಅರೆದು ಕುಡಿ ಎನ್ನುವವರು, ಮೆಂತ್ಯ ನುಂಗು ಎನ್ನುವವರು ಬಸ್ಸಿನಲ್ಲಿ ದಿನಕ್ಕೊಬ್ಬರಾದರೂ ಸಿಗುತ್ತಾರೆ.

ಮನೆಗೆ ಬಂದರೆ ಒಲೆ ಉರಿಯುತ್ತಿದೆ. ಪತ್ನಿ ಗುರುಬಸಮ್ಮ ಮುದ್ದೆ ತೊಳಸುತ್ತಿದ್ದಾರೆ. ಮೊದಲ ಬಸ್ಸಿಗೆ ಮುಂಚೆ ಕ್ಯಾರಿಯರ್ ತುಂಬಬೇಕು: ಒಂದು ಡಬ್ಬಿಗೆ ಮುದ್ದೆ, ಇನ್ನೊಂದಕ್ಕೆ ಸೊಪ್ಪಿನ ಸಾರು, ಮೇಲಿನದಕ್ಕೆ ಮಜ್ಜಿಗೆ. ಮೂರು ವರ್ಷದಿಂದ ಒಂದು ದಿನವೂ ಬೆಳಕು ಹರಿದ ಮೇಲೆ ಎದ್ದವರಲ್ಲ. "ಅವರ್ಗೊಂದು ಅಡ್ಗೆ, ನಮ್ಗೊಂದು ಅಡ್ಗೆ ಮಾಡಕ್ಕೆ ನಂಗೇನು ನಾಕು ಕೈ ಅವಾ? ಮನೇಲಿ ಎಲ್ರೂ ಅವರ ಕಾಯ್ಲೆ ಊಟನೇ ಉಣ್ಣದು. ಅಬ್ಬದಲ್ಲಿ ಪಾಯ್ಸ ಮಾಡಿ ಮೂರು ವರ್ಸ ಆಯ್ತು" ಎಂದು ಹಿಟ್ಟಿನ ಕೋಲು ತಿರುಗಿಸುತ್ತಲೇ ಹೇಳುತ್ತಾರೆ. ದೂರು ಎನ್ನುವಂತೆಯೂ ಇಲ್ಲ, ತ್ಯಾಗ ಎನ್ನುವಂತೆಯೂ ಇಲ್ಲ. ನನಗೆ ಅವರನ್ನು ನೋಡಿ ನಿಜಕ್ಕೂ ಸಂಕಟವಾಗುತ್ತದೆ. ಈ ಪಥ್ಯದಲ್ಲಿ ಕಾಯಿಲೆ ಒಬ್ಬರದು, ದುಡಿಮೆ ಇಬ್ಬರದು.

ಯಳಂದೂರಿಗೆ ಹೋಗಿ ಬಂದ ಮೇಲೆ, ಹನೂರಿಗೆ ಹೊರಡುವ ಮುನ್ನ ಸಿಗುವ ಬಿಡುವಿನಲ್ಲಿ ಚಿಕ್ಕಮಾದಪ್ಪ ಇಂದು ಆಸ್ಪತ್ರೆಗೆ ಹೋಗುತ್ತಾರೆ. ಕಾಂಪೌಂಡರು ಗಾಜಿನ ಕೊಳವೆಯಲ್ಲಿ ನೀಲಿ ಔಷಧ ಹಾಕಿ, ಅದಕ್ಕೆ ಇವರ ಮೂತ್ರದ ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಾರೆ. ನೀಲಿಯಾಗಿಯೇ ಉಳಿದರೆ ಕ್ಷೇಮ. ಹಸಿರಾದರೆ ಎಚ್ಚರ. ಹಳದಿ ದಾಟಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದರೆ ಕೆಟ್ಟಿತು. ಘಾಟಿ ರಸ್ತೆಯಲ್ಲೂ ಹೆದರದ ಈ ಮನುಷ್ಯ ಆ ಕೊಳವೆ ಕುದಿಯುವಾಗ ಕಿಟಕಿಯ ಕಡೆ ನೋಡುತ್ತಾ ನಿಲ್ಲುತ್ತಾರೆ. ಇವತ್ತು ಹಸಿರು ಬಂದಿದೆ. "ಬರೋ ಸೋಮವಾರ ಇನ್ನೊಂದ್ಸಲ ನೋಡ್ತೀನಿ. ಇದಕ್ಕಿಂತ ಕೆಡಬಾರದು. ಕೆಟ್ಟರೆ ಸಹಿ ಇಲ್ಲ" ಎಂದು ಡಾಕ್ಟರು ಎಚ್ಚರಿಸುತ್ತಾರೆ.

ಹೋದ ಬೇಸಗೆಯಲ್ಲಿ ಇಟ್ಟಿಗೆ ಬಣ್ಣವೇ ಬಂದಿತ್ತು. ಹನೂರಿನಿಂದ ಬರುವಾಗ ನಡುದಾರಿಯಲ್ಲಿ ಬಸ್ಸಿನ ಸ್ಪ್ರಿಂಗ್ ಪಟ್ಟಿ ಮುರಿಯಿತು. ಕ್ಯಾರಿಯರ್ ಆಗಲೇ ಖಾಲಿ. ಮೆಕ್ಯಾನಿಕ್ ಬರುವ ಹೊತ್ತಿಗೆ ಸಂಜೆ. ಹತ್ತಿರದ ಪೆಟ್ಟಿಗೆ ಅಂಗಡಿಯಲ್ಲಿ ಇದ್ದದ್ದು ಬಾಳೆಹಣ್ಣು ಮತ್ತು ಕಡ್ಲೆಮಿಠಾಯಿ. "ಒಂದು ತಿಂದೆ ಅಂದ್ರೆ ಸುಳ್ಳಾಯ್ತದೆ ಸಾ. ಜೋಬು ತುಂಬ ತಕಂಡು ತಿಂದೆ. ಎರಡು ವರ್ಸದ್ದು ಒಂದೇ ಸಲ ತಿಂದಂಗೆ" ಎನ್ನುತ್ತಾರೆ. ಮಾರನೆಯ ದಿನ ಬೆಳಗ್ಗೆ ಎದ್ದು ಮತ್ತೆ ಚೊಂಬು ಹಿಡಿದರು. "ಇದ್ರದ್ದು ಅದೇ ಬೇಜಾರು. ಗಾಡಿ ಒಂದ್ಸಲ ಸ್ಟಾರ್ಟ್ ಮಾಡಿದ್ರೆ ಸಂಜೆಗಂಟ ಓಡ್ತದೆ. ಈ ಪಥ್ಯನ ದಿನಾ ಬೆಳಿಗ್ಗೆ ತಳ್ಳಿ ತಳ್ಳಿ ಸ್ಟಾರ್ಟ್ ಮಾಡ್ಬೇಕು. ಸಾಕಾಗೋಗದೆ ಸಾ, ನಿಮ್ಮಾಣೆ ಸಾಕಾಗೋಗದೆ."

ಹನೂರು ತಲುಪಿದಾಗ ಬಿಸಿಲು ನೆತ್ತಿಗೇರಿದೆ. ಇಲ್ಲಿ ಎದುರಾಗುವುದು ಎಲ್ಲಕ್ಕಿಂತ ದೊಡ್ಡ ತೊಡಕು: ಬಿಟ್ಟಿ ಊಟ. ಬಸ್ಸನ್ನು ತನ್ನ ಬಾಗಿಲಿಗೆ ತಂದು ನಿಲ್ಲಿಸುವ ಡ್ರೈವರು ಕಂಡಕ್ಟರಿಗೆ ಹೋಟೆಲಿನವರು ಕಾಸಿಲ್ಲದೆ ಬಡಿಸುವುದು ರಸ್ತೆಯ ಹಳೆಯ ಕಟ್ಟಳೆ. ಡ್ರೈವರು ಉಣ್ಣಲೊಲ್ಲೆ ಎಂದರೆ ನಾಳೆಯಿಂದ ಬಸ್ಸು ಬೇರೆ ಹೋಟೆಲಿಗೆ ಹೋಗುತ್ತದೆ ಎಂದೇ ಅರ್ಥ. ಮೊದಲ ಸಲ ಇವರು ಬೇಡವೆಂದಾಗ ಹೋಟೆಲಿನ ಗುರುಮಲ್ಲಪ್ಪ ಗಲ್ಲಾ ಬಿಟ್ಟು ಎದ್ದು ಬಂದು, "ಯಾಕಣ್ಣಾ, ಎದುರುಗಡೆಯೋನು ಏನ್ ಕೊಡ್ತೀನಿ ಅಂದ? ನಾನೇನು ವಿಸ ಆಕ್ತೀನಾ ನಿಂಗೆ?" ಎಂದು ಕಣ್ಣಲ್ಲಿ ನೀರು ತಂದುಕೊಂಡರಂತೆ. ಕಾಯಿಲೆ ಎಂದು ಹೇಳೋಣವೆಂದರೆ ಅದು ಮಾಲೀಕರ ಕಿವಿಗೆ ಬೀಳುವ ಭಯ. ಕಣ್ಣು ತಿನ್ನುವ ಕಾಯಿಲೆಯ ಡ್ರೈವರನ್ನು ಯಾರು ಇಟ್ಟುಕೊಳ್ಳುತ್ತಾರೆ? ಲೈಸೆನ್ಸು ಹೊಸದಾಗುವ ತನಕ ಇದನ್ನು ಪೇಪರಿಗೆ ಹಾಕುವುದಿಲ್ಲ ಎಂದು ನನ್ನಿಂದಲೂ ಮಾತು ತೆಗೆದುಕೊಂಡಿದ್ದಾರೆ.

ಕಂಡಕ್ಟರ್ ನಂಜಯ್ಯ ಇದಕ್ಕೊಂದು ಉಪಾಯ ಹೂಡಿದರು. ಡ್ರೈವರಣ್ಣ ಎಲೆಯ ಮುಂದೆ ಕೂರಬೇಕು, ಕ್ಯಾರಿಯರ್‌ನ ಮುದ್ದೆಯನ್ನು ಅದೇ ಎಲೆಗೆ ಹಾಕಿಕೊಂಡು ಉಣ್ಣಬೇಕು. ಬಡಿಸಿದ ಅನ್ನ, ಕೇಸರಿಬಾತು ಗುರುಮಲ್ಲಪ್ಪ ಆ ಕಡೆ ತಿರುಗಿದಾಗ ಪಕ್ಕದೆಲೆಗೆ ಜಾರಬೇಕು. "ಇವರ್ ಪಾಲೂ ನಾನೇ ಉಂಡು ನನ್ ಒಟ್ಟೆ ನೋಡಿ ಸಾ, ಟಿಕೆಟ್ ಕೊಡಕ್ಕೆ ಸೀಟ್ ಸಂದೀಲಿ ತೂರಕಾಯ್ತಿಲ್ಲ. ಇಂಗೇ ಆದ್ರೆ ಅಣ್ಣನ ಕಾಯ್ಲೆ ನಂಗೇ ಬತ್ತದೆ" ಎಂದು ನಂಜಯ್ಯ ಅಂಗಿಯ ಗುಂಡಿ ಬಿಚ್ಚುತ್ತಾರೆ. ಇವತ್ತು ಆ ಕೆಲಸಕ್ಕೆ ಮಾತ್ರ ಅವರಿಗೆ ರಜೆ, ಆ ಪಾಲು ನನ್ನದು. ತುಪ್ಪ ತೊಟ್ಟಿಕ್ಕುವ ಕೇಸರಿಬಾತನ್ನು ನಾನು ಎರಡೆಲೆಯದೂ ಸೇರಿಸಿ ಬಾರಿಸುತ್ತೇನೆ. ಚಿಕ್ಕಮಾದಪ್ಪ ಮುದ್ದೆ ನುಂಗುತ್ತಾ ನನ್ನ ಕೈ ಬಾಯಿಗೆ ಹೋಗಿ ಬರುವುದನ್ನು ನೋಡುತ್ತಾರೆ. "ದ್ರಾಕ್ಸಿ ಆಕವ್ನಾ ಸಾ?" ಎಂದು ಒಂದೇ ಮಾತು ಕೇಳುತ್ತಾರೆ. ಹೌದು ಎನ್ನಲು ನನಗೆ ನಾಚಿಕೆಯಾಗುತ್ತದೆ.

ಊಟವಾದ ಮೇಲೆ ಬಸ್ಸು ಹೊರಡುವವರೆಗೆ ಮತ್ತೊಂದು ನಡಿಗೆ. ನಂಜಯ್ಯ ಹಿಂಬದಿ ಸೀಟಿನಲ್ಲಿ ಗೊರಕೆ ಹೊಡೆಯುತ್ತಾರೆ, ನಾನು ಹುಣಸೆಮರದ ನೆರಳಿನಲ್ಲಿ ತೂಕಡಿಸುತ್ತೇನೆ. ಎದುರಿನ ಬಿಸಿಲಿನಲ್ಲಿ ಖಾಕಿ ಅಂಗಿಯೊಂದು ದೂರ ಹೋಗಿ ಚಿಕ್ಕದಾಗಿ ಮತ್ತೆ ದೊಡ್ಡದಾಗುತ್ತದೆ. ಹತ್ತಿರ ಬಂದಾಗ ಬೆವರಿನಿಂದ ಅಂಗಿ ಬೆನ್ನಿಗಂಟಿದೆ. ಕಾಲು ನೋವೇ ಎಂದು ಕೇಳುತ್ತೇನೆ. "ನೋವು ಇದ್ದೇ ಅದೆ. ಮಲಿಕ್ಕಬೇಕು ಅಂತ ಆಸೆ. ಆದ್ರೆ ಮಲಗಿ ಎದ್ದಾಗ ಏನೂ ಕಾಣ್ದೆ ಓದ್ರೆ ಅಂತ ದಿಗಿಲು" ಎಂದು ಪಂಚೆಯಂಚಿನಲ್ಲಿ ಮುಖ ಒರೆಸಿಕೊಂಡು ಸೀಟು ಹತ್ತುತ್ತಾರೆ.

ಇವತ್ತು ಸೋಮವಾರ, ಸಂಜೆ ಟ್ರಿಪ್ಪಿಗೆ ನಿಲ್ಲಲೂ ಜಾಗವಿಲ್ಲ. ಮಾದಪ್ಪನ ಬೆಟ್ಟಕ್ಕೆ ಹೋಗಿ ಹರಕೆ ತೀರಿಸಿ ಹನೂರಿಗೆ ಇಳಿದು ಬಂದವರೆಲ್ಲ ಈ ಬಸ್ಸಿಗೇ ಹತ್ತುತ್ತಾರೆ. ಹತ್ತುವ ಮುಂಚೆ ಪ್ರತಿಯೊಬ್ಬರೂ ಡ್ರೈವರ ಕಿಟಕಿಯ ಬಳಿ ಬಂದು ಪ್ರಸಾದ ಕೊಡುತ್ತಾರೆ. ಕ್ಷೇಮವಾಗಿ ಊರು ಮುಟ್ಟಿಸುವವನಿಗೆ ಮೊದಲ ಪಾಲು. ಬೆಲ್ಲ, ಕೊಬ್ಬರಿ, ಸಕ್ಕರೆ ಬೆರೆಸಿದ ಪುರಿ. ಆ ದೇವರ ಹೆಸರನ್ನೇ ಹೊತ್ತವರು ಬೇಡವೆನ್ನುವುದು ಹೇಗೆ?

"ಮೊದ್ಲು ತಿನ್ತಿದ್ದೆ ಸಾ. ಪ್ರಸಾದ್ದಲ್ಲಿರೋ ಸಕ್ಕರೆ ಲೆಕ್ಕಕ್ಕಿಲ್ಲ, ದೇವ್ರುದ್ದು ಅಂತ. ಡಾಕ್ಟ್ರು ನಕ್ಬುಟ್ರು. ಮಾದಪ್ಪನ ಬೆಲ್ಲನೂ ಗಾಣದ್ದೇ ಕಣಯ್ಯಾ ಅಂದ್ರು" ಎನ್ನುತ್ತಾ ಒಬ್ಬೊಬ್ಬರು ಕೊಟ್ಟಿದ್ದನ್ನೂ ತೊಡೆಯ ಮೇಲಿನ ಟವೆಲಿನಲ್ಲಿ ಕೂಡಿಡುತ್ತಾರೆ. ಬೆಳಗಿನ ಹಸಿರು ಬಣ್ಣ, ಬರುವ ಸೋಮವಾರದ ಪರೀಕ್ಷೆ ಎರಡೂ ನನ್ನ ತಲೆಯಲ್ಲೇ ಸುತ್ತುತ್ತಿವೆ, ಅವರ ತಲೆಯಲ್ಲಿ ಇನ್ನೆಷ್ಟು ಸುತ್ತುತ್ತಿರಬೇಕು. ಮುದ್ದೆ ಕರಗಿ ಹೊತ್ತಾಗಿದೆ.

ಕೊನೆಗೆ ಧನಗೆರೆಯ ಪುಟ್ಟಬಸಮ್ಮ ಬರುತ್ತಾರೆ. ಇವರನ್ನು ಮಗುವಾಗಿದ್ದಾಗ ಸೊಂಟದಲ್ಲಿ ಹೊತ್ತು ತಿರುಗಿದ ಮುದುಕಿ. ಮಡಿಲಿನಿಂದ ಕಪ್ಪು ಬೆಲ್ಲದ ದಪ್ಪ ಅಚ್ಚೊಂದನ್ನು ತೆಗೆದು ಕೈಗಿಟ್ಟು, "ನನ್ ಮುಂದೆನೇ ತಿನ್ನು ಮಗಾ, ಎಷ್ಟು ಸೊರಗೋಗಿದ್ದೀಯ" ಎಂದು ಕಿಟಕಿಯ ಕಂಬಿ ಹಿಡಿದು ನಿಲ್ಲುತ್ತಾರೆ. ಚಿಕ್ಕಮಾದಪ್ಪ ಬೆಲ್ಲದ ವಾಸನೆ ಹಿಡಿಯುತ್ತಾರೆ. ಕೈ ಬಾಯಿಯ ಹತ್ತಿರಕ್ಕೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ. ಆಮೇಲೆ ಅವರು ಕಣ್ಣು ಮುಚ್ಚಿ, ಆ ಅಚ್ಚನ್ನು ಮೊದಲು ಎಡಗಣ್ಣಿಗೆ, ಆಮೇಲೆ ಬಲಗಣ್ಣಿಗೆ ಗಟ್ಟಿಯಾಗಿ ಒತ್ತಿಕೊಂಡು ಟವೆಲಿಗೆ ಹಾಕಿ ಗಂಟು ಬಿಗಿಯುತ್ತಾರೆ.

"ಬಾಯಿಗೆ ಆಕ್ಕಳ ಮಗಾ, ಕಣ್ಣಿಗೊತ್ಕಂಡ್ರೆ ಒಟ್ಟೆ ತುಂಬ್ತದಾ?" ಎಂದು ಮುದುಕಿ ರೇಗುತ್ತಾರೆ.

ಚಿಕ್ಕಮಾದಪ್ಪ ಬಸ್ಸನ್ನು ಸ್ಟಾರ್ಟ್ ಮಾಡುತ್ತಾರೆ. "ಮಾದಪ್ಪನ್ನ ನಾ ಕೇಳ್ಕಂಡಿರದು ಕಣ್ಣ ಕಣವ್ವಾ. ಒಟ್ಟೆಯ ನಾ ನೋಡ್ಕತೀನಿ."