ಕಾಕಾನ ಸುತ್ತಿಗೆ ಏಟು

ರೇಡಿಯೋದಲ್ಲಿ ವಿಜ್ಞಾನದ ಕಾರ್ಯಕ್ರಮ ಮಾಡುತ್ತಿದ್ದ ಹದಿನೆಂಟು ವರ್ಷ ನನ್ನ ಚೀಲದಲ್ಲಿ ಎರಡು ವಸ್ತು ಖಾಯಂ: ಧ್ವನಿ ಹಿಡಿಯುವ ಯಂತ್ರ, ಬಟ್ಟೆಯಲ್ಲಿ ಸುತ್ತಿದ ಕಟಕ ರೊಟ್ಟಿ. ಈಗ ನಾನು ಸರ್ಕಾರಿ ವಿಜ್ಞಾನ ಕೇಂದ್ರದ ಮುಖ್ಯಸ್ಥೆ. ಚೀಲವನ್ನು ಜವಾನ ಹೊರುತ್ತಾನೆ. ಅದರಲ್ಲಿ ಕಡತ ಬಿಟ್ಟರೆ ಬೇರೇನಿಲ್ಲ.

ವಾಡಿ ಕಡೆಯ ಒಂದು ಕಲ್ಲಿನ ಖಣಿಯಲ್ಲಿ ಹಿರಿಯ ಕಲ್ಲು ಕೆಲಸಗಾರರೊಬ್ಬರಿದ್ದಾರೆ. ನಾನು ಕಾಕಾ ಅನ್ನುತ್ತೇನೆ. ಪರಸಿ, ಅಂದರೆ ಹಾಸುಗಲ್ಲಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಬರುವ ನಾದದಿಂದಲೇ ಪದರು ಎಲ್ಲಿ ಬಿಡುತ್ತದೆ, ಎಲ್ಲಿ ಒಡಕಿದೆ ಎಂದು ಹೇಳುವವರು. ಅವರ ಬಗ್ಗೆ ಕಾರ್ಯಕ್ರಮ ಅರ್ಧ ಮಾಡಿದ್ದೆ, ಅಷ್ಟರಲ್ಲಿ ಈ ಹುದ್ದೆ ಬಂತು. ಅವರ ಮಾತೆಲ್ಲ ಮುದ್ರಿಸಿಕೊಂಡಿದ್ದೆ, ಆ ಕಲ್ಲಿನ ನಾದವೊಂದೇ ಬಾಕಿ. ಸೋಮವಾರದಿಂದ ಖಣಿಗೆ ಕೊರೆಯುವ ಮಷಿನ್, ಕಾಕಾ ಮನೆಗೆ ಎಂದು ಸುದ್ದಿ ಬಂದಾಗ ಕೂರಲಾಗಲಿಲ್ಲ.

ಆದರೆ ಮುಖ್ಯಸ್ಥರು ಅನುಮತಿಯಿಲ್ಲದೆ ಕೇಂದ್ರಸ್ಥಾನ ಬಿಡುವಂತಿಲ್ಲ. ಪ್ರವಾಸದ ಕಾಗದ ಬರೆದೆ, ಮಂಜೂರಾಯಿತು. ಅದರ ಪ್ರತಿ ನಾನು ಹೋಗುವ ಊರಿನ ಅಧಿಕಾರಿಗಳಿಗೂ ಹೋಗುತ್ತದೆಂಬುದು ತಲೆಗೇ ಹೊಳೆಯಲಿಲ್ಲ.

ಹೋಗಿ ನೋಡಿದರೆ ಖಣಿಯಲ್ಲಿ ಶಾಮಿಯಾನ, ಖುರ್ಚಿ, ಶಾಲು. ಒಂದು ಸುತ್ತಿಗೆಯೂ ಏಳುತ್ತಿಲ್ಲ. ಇಸ್ತ್ರಿ ಅಂಗಿ ತೊಟ್ಟ ಕಾಕಾ ಕೈಮುಗಿದರು.

"ಕುಂದ್ರಿ ಮೇಡಂರಿ."

"ಯಾಕ ಕಾಕಾ, ಕೆಲಸ ನಿಂತಾದ?"

"ನೀವು ಬರ್ತೀರಂತ ಬಂದ್ ಮಾಡಿಸ್ಯಾರ್ರಿ. ದೊಡ್ಡೋರ ಮ್ಯಾಲ ಧೂಳ ಬೀಳಬಾರದಂತ."

"ಅಯ್ಯ, ನಾ ಅದನ್ನ ಕೇಳಲಿಕ್ಕೇ ಬಂದೀನಿ!"

ಕಾಕಾ ನಕ್ಕರು. "ಮೊದಲ ಒಬ್ಬಾಕಿನೇ ಬರ್ತಿದ್ದಿ ಯವ್ವಾ. ಧೂಳದಾಗ ಕುಂತು ನನ್ನ ಸಂಗಟ ರೊಟ್ಟಿ ತಿಂತಿದ್ದಿ. ಈಗ ಆಫೀಸೇ ಹೊತ್ಕೊಂಡು ಬಂದೀದಿ."

ಅಂಗಿಯ ತೋಳು ಮಡಚಿ ಸುತ್ತಿಗೆ ಹಿಡಿದರು. ನಾದ ಮುದ್ರಿಸಲು ನಾನು ಮೊಬೈಲ್ ಚಾಚಿದೆ. ಒಂದು ಏಟು ಹಾಕಿದರು, ಕಲ್ಲು ಟಣ್ಣೆಂದಿತು. ಎರಡನೆಯದಕ್ಕೆ ಸುತ್ತಿಗೆ ಎತ್ತುವಷ್ಟರಲ್ಲಿ ಧ್ವನಿವರ್ಧಕ ಕೂಗಿತು: "ಮಾನ್ಯ ಮುಖ್ಯಸ್ಥರು ವೇದಿಕೆಗೆ ದಯಮಾಡಿಸಬೇಕು!" ಕೂಗು ನಿಲ್ಲಿಸಿ ಎಂದು ವೇದಿಕೆಯ ಕಡೆ ಕೈ ಎತ್ತಿದೆ. ನಮಸ್ಕಾರ ಮಾಡಿದರೆಂದು ಜನ ಚಪ್ಪಾಳೆ ತಟ್ಟಿದರು.

"ಹೋಗ್ರಿ, ಭಾಳ ಹೊತ್ತಿಂದ ಕಾಯಲಿಕತ್ತಾರ," ಎಂದು ಕಾಕಾ ಸುತ್ತಿಗೆ ಕೆಳಗಿಟ್ಟರು.

ಹೋದೆ. ಶಾಲು ಹೊದ್ದುಕೊಂಡೆ. ಅಷ್ಟರಲ್ಲಿ ಅದೇ ಪ್ರವಾಸದಲ್ಲಿ ಸೇರಿಸಿದ್ದ ಚಿತ್ತಾಪುರದ ಸಭೆಗೆ ಹೊತ್ತಾಗಿತ್ತು.

ಸೋಮವಾರ ಮಷಿನ್ ಬಂತು. ಮಂಗಳವಾರ ನನ್ನ ಮೇಜಿಗೆ ಪ್ರವಾಸ ವರದಿ ಬಂತು. ಭೇಟಿಯ ಉದ್ದೇಶ ಈಡೇರಿದೆಯೇ ಎಂಬ ಕಡೆ ಸಹಾಯಕರು ಮೊದಲೇ ಹೌದು ಎಂದು ಟೈಪ್ ಮಾಡಿಸಿದ್ದರು. ಸಹಿ ಹಾಕಿದೆ. ಮೊಬೈಲಿನಲ್ಲಿ ಒಂದು ಏಟು ಉಳಿದಿದೆ. ಅದರ ಬೆನ್ನಿಗೇ ಧ್ವನಿವರ್ಧಕ ಕೂಗಿದ ನನ್ನ ಪದನಾಮ.