ಪರೀಕ್ಷೆಗೆ ಮೊದಲೇ ಬಿಟ್ಟ ಗೋಧಿ

ಅಕ್ಕನ ಹುಬ್ಬಿನ ಮೇಲಿತ್ತೋ, ರೆಪ್ಪೆಯ ಮೇಲೋ, ಆ ಹಿಟ್ಟು? ರೆಪ್ಪೆ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಕಣ್ಣು ಮಿಟುಕಿಸಿದರೆ ಬಿಳಿ ಪುಡಿ ಕೆನ್ನೆಗೆ ಉದುರುತ್ತಿತ್ತು ಎಂದೂ ಸೇರಿಸಿದ್ದೇನೆ. ಉದುರುವಷ್ಟು ಹಿಟ್ಟು ರೆಪ್ಪೆಯಲ್ಲಿ ನಿಲ್ಲುತ್ತದೆಯೇ ಎಂದು ಈಗ ಅನುಮಾನ. ಮುಂಗೈ ಮಾತ್ರ ಖಚಿತ. ಬಳೆ ಮೊಣಕೈವರೆಗೆ ಜಾರುವಷ್ಟು ಸಣ್ಣದು.

ಪೀಣ್ಯದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುತ್ತಿದ್ದ ಅವರು ಎಲ್ಲರಿಗೂ ಚಪಾತಿ ಅಕ್ಕ. ನಾನು ಸ್ಟೋರ್ಸ್‌ನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಬಾಗಲಗುಂಟೆಯ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದ ಆ ಮೊದಲ ವರ್ಷ, ನನ್ನ ತಟ್ಟೆಯನ್ನು ನೋಡಿ ಮಾತಾಡಿಸುತ್ತಿದ್ದವರು ಅವರೊಬ್ಬರೇ.

"ಏನ್ ಮೇಡಮ್ಮಾ, ಕೋಳಿ ಕೆದಕ್ದಂಗೆ ಕೆದಕ್ತಿದ್ದೀಯ? ಕಂಪ್ಯೂಟರ್ ಒತ್ತಕ್ಕೂ ರಟ್ಟೇಲಿ ಕಸುವು ಬೇಕು ಕಣವ್ವ."

ಅವರಲ್ಲೇ ಕಸುವಿರಲಿಲ್ಲ. ಬಾಯಲ್ಲಿ ಸದಾ ಹುಣ್ಣು, ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರುತ್ತಿರಲಿಲ್ಲ. ಕಾವಲಿಯಿಂದ ಎದ್ದ ಮೊದಲ ಚಪಾತಿಯನ್ನು ಮಾಡಿದವರೇ ತಿಂದು ಉಪ್ಪು ನೋಡಬೇಕೆಂಬುದು ಅಲ್ಲಿನ ಪದ್ಧತಿ. ಬೆಳಗ್ಗೆ ಬರಿಹೊಟ್ಟೆಗೆ ಅದು; ಮಧ್ಯಾಹ್ನ ಮಿಕ್ಕಿದ್ದು. ಆಮೇಲೆ ಹೊಟ್ಟೆ ಹಿಡಿದುಕೊಂಡು ಕಕ್ಕಸಿನ ಕಡೆ ಓಟ. "ಅಕ್ಕಂದು ಎರಡನೇ ಶಿಫ್ಟ್ ಶುರುವಾಯ್ತು ನೋಡ್ರಪ್ಪಾ" ಎಂದು ಅನ್ನ ಬೇಯಿಸುವ ಕಡೆಯವನು ಕೂಗಿದರೆ ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿರಬಹುದು.

ಗೋಧಿ ಒಗ್ಗದೆ ಕರುಳು ಕೆಡುವ ಸೀಲಿಯಾಕ್ ಎಂಬ ಕಾಯಿಲೆಯ ಬಗ್ಗೆ ಆಫೀಸಿನ ಕಂಪ್ಯೂಟರ್‌ನಲ್ಲಿ ಓದಿದವಳು ನಾನೇ. ಪರೀಕ್ಷೆಗೆ ಮೊದಲು ಗೋಧಿ ಬಿಡಬಾರದು ಎಂಬ ಸಾಲು ಅದೇ ಪುಟದಲ್ಲಿತ್ತೇ? ಇದ್ದರೂ ಅಷ್ಟು ದೂರ ಓದಲಿಲ್ಲ. ಅಡುಗೆಮನೆಗೆ ಓಡಿದೆ.

"ಅಕ್ಕಾ, ಇವತ್ತಿಂದಾನೇ ಗೋಧಿ ಬಿಟ್ಬಿಡಿ. ಟೆಸ್ಟ್ ಆಮೇಲೆ ಮಾಡ್ಸೋಣ."

"ಬಿಡ್ತೀನಿ. ಉಪ್ಪು ನೋಡೋರ್ಯಾರು, ನಿಮ್ಮಪ್ಪನಾ?"

ಆದರೂ ಬಿಟ್ಟರು. ಮೊದಲ ಚಪಾತಿ ಅನ್ನದವನ ಪಾಲಾಯಿತು. ಇವರು ಮೂಗಿಗೆ ಬಟ್ಟೆ ಕಟ್ಟಿ ಲಟ್ಟಿಸಿ, ಮನೆಯಿಂದ ತಂದ ಮುದ್ದೆ ಉಂಡರು. ಆಸ್ಪತ್ರೆಯಲ್ಲಿ ಸರದಿ ಸಿಕ್ಕಿದ್ದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಹುಣ್ಣು ಮಾಯ್ದು, ಓಟವೂ ನಿಂತಿತ್ತು. ಇನ್ನು ಬೇಕಿದ್ದುದು ಡಾಕ್ಟರ ಚೀಟಿ ಮಾತ್ರ. ಅದಿದ್ದರೆ ಹಿಟ್ಟಿನಿಂದ ಅನ್ನದ ಕಡೆಗೆ ಹಾಕುತ್ತೇನೆ ಎಂದು ಕ್ಯಾಂಟೀನ್ ಕಂಟ್ರಾಕ್ಟರ್ ಹೇಳಿದ್ದ.

ರಕ್ತದ ವರದಿಯಲ್ಲಿ ಏನೂ ಬರಲಿಲ್ಲ.

"ಗೋಧಿ ತಿಂತಿದ್ದೀರಾ?" ಎಂದರು ಡಾಕ್ಟರು.

"ಇಲ್ಲ ಸಾರ್! ಮೂರು ತಿಂಗಳಾಯ್ತು, ಒಂದು ತುಂಡೂ ಬಾಯಿಗಿಟ್ಟಿಲ್ಲ." ಮೆಚ್ಚುಗೆಗಾಗಿ ಅಕ್ಕ ನನ್ನತ್ತ ತಿರುಗಿದರು.

"ಅಯ್ಯೋ, ತಿಂತಿರೋವಾಗಲೇ ಮಾಡಿಸಬೇಕಮ್ಮ ಇದನ್ನ. ಬಿಟ್ಟ ಮೇಲೆ ಗುರುತು ಸಿಗದೆ ಹೋಗಬಹುದು. ಯಾರು ಬಿಡಿ ಅಂದಿದ್ದು?"

"ನಾನೇ ಸಾರ್. ನಂಗೇ ಅನ್ನಿಸ್ತು" ಎಂದರು ಅಕ್ಕ.

ನಾನು ಪಕ್ಕದಲ್ಲೇ ನಿಂತಿದ್ದೆ.

ಒಂದೂವರೆ ತಿಂಗಳು ದಿನವೂ ಗೋಧಿ ತಿಂದು ಮತ್ತೆ ಬನ್ನಿ ಎಂದರು ಡಾಕ್ಟರು. ಕಂಟ್ರಾಕ್ಟರ್ ವರದಿ ನೋಡಿ, "ಏನೂ ಇಲ್ಲ ಅಂತ ಬರ್ದಿದೆಯಲ್ಲಮ್ಮ" ಎಂದು ಕಾವಲಿಯ ಕಡೆ ಕೈ ತೋರಿಸಿದ. ಮೊದಲ ಚಪಾತಿ ಮತ್ತೆ ಅಕ್ಕನ ಬಾಯಿಗೆ ಹೋಯಿತು. ಎರಡು ವಾರವೂ ಆಗಿರಲಿಲ್ಲ, ಒಂದು ಬೆಳಗ್ಗೆ ಕಲಸಿದ ಹಿಟ್ಟಿನ ಪಕ್ಕದಲ್ಲೇ ನೆಲಕ್ಕೆ ಕುಸಿದರು. ನೀರು ಕೊಟ್ಟೆ, ಅದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

"ಸಾಕು ಕಣವ್ವ. ಏನೈತೆ ಅಂತ ತಿಳ್ಕಣಕ್ಕೇಂತ ಸಾಯಕ್ಕಾಯ್ತದಾ?"

ಹೀಗೆಯೇ ಅಂದರೇ? "ಸಾಕು" ಅಂದದ್ದು ನಿಜ. ಮಿಕ್ಕದ್ದನ್ನು ನಾನು ಕೂಡಿಸಿದ್ದರೂ ಕೂಡಿಸಿರಬಹುದು.

ಕೆಲಸ ಬಿಟ್ಟು ಹೆಬ್ಬಗೋಡಿಯಲ್ಲಿದ್ದ ತಂಗಿಯ ಮನೆಗೆ ಹೋದರು. ಎರಡು ಬಸ್ಸು ಹತ್ತಿದರೆ ಮುಟ್ಟುವ ಊರು. ನಾನು ಒಮ್ಮೆಯೂ ಹೋಗಲಿಲ್ಲ. ಎರಡು ವರ್ಷದ ಮೇಲೆ ತೀರಿಕೊಂಡ ಸುದ್ದಿ ಬಂತು. ಹೊಟ್ಟೆನೋವಂತೆ ಎಂದರು ಒಬ್ಬರು, ಕಾಮಾಲೆಯಂತೆ ಎಂದರು ಇನ್ನೊಬ್ಬರು. ಏನೂ ಇಲ್ಲ ಎಂದು ಬರೆದ ಕಾಗದ ಹಿಡಿದು ಹೋದವರಿಗೆ ಆ ಮನೆಯಲ್ಲಿ ಯಾರಾದರೂ ಬೇರೆ ಅಡುಗೆ ಮಾಡಿದರೇ, ಅಥವಾ ಎಲ್ಲರ ಜೊತೆ ಚಪಾತಿಯನ್ನೇ ಬಡಿಸಿದರೇ, ಗೊತ್ತಿಲ್ಲ. ಆ ಕಾಯಿಲೆ ಅವರಿಗೆ ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ.