ರಾಜನ ಸಾವಿಗೆ ಎಫಿ ಊದಿದ ಮಟ್ಟು

ನಮ್ಮ ಯೂಯಿಸ್ಟ್ ದ್ವೀಪದಲ್ಲಿ ಎಫಿ ಮೆಕಾಸ್ಕಿಲ್ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಚೀಲಕ್ಕೆ ಗಾಳಿ ತುಂಬಿ ನುಡಿಸುವ ಬ್ಯಾಗ್‌ಪೈಪು ಊದುವುದನ್ನು ಅಪ್ಪ ಕಲಿಸಿಹೋಗಿದ್ದ. ಮದುವೆಗೂ ಮಣ್ಣಿಗೂ ಅವಳೇ ಬೇಕು. ಹೊಗಳುವ ರೂಢಿ ಮಾತ್ರ ನಮ್ಮಲ್ಲಿಲ್ಲ.

ಒಮ್ಮೆ ಗ್ಲಾಸ್ಗೋದಿಂದ ಫ್ರೇಸರ್ ಎಂಬ ಸಂಗೀತ ನಿರ್ದೇಶಕ ಫೋನ್ ಮಾಡಿದ. ಟಿ.ವಿ. ಧಾರಾವಾಹಿಯೊಂದರಲ್ಲಿ ಹಳೇ ಕಾಲದ ರಾಜ ಸಾಯುತ್ತಾನೆ, ಅದಕ್ಕೆ ಪೈಪಿನ ದನಿ ಬೇಕಾಗಿತ್ತು. ಎಫಿ ರಜೆ ಹಾಕಿ ಹಡಗು ಹತ್ತಿದಳು.

ಸ್ಟುಡಿಯೋದಲ್ಲಿ ಮೊದಲೇ ತಕರಾರು. ಅವಳ ಪೈಪಿನ ಶ್ರುತಿ ಪಿಟೀಲುಗಳಿಗಿಂತ ಏರು.

"ಸ್ವಲ್ಪ ಇಳಿಸೋಕಾಗಲ್ವಾ?" ಎಂದ ಫ್ರೇಸರ್.

"ಪಿಟೀಲಿನೋರಿಗೆ ಏರಿಸ್ಕೊಳ್ಳೋಕೆ ಹೇಳಪ್ಪಾ."

ಕೊನೆಗೆ ಪಿಟೀಲಿನವರನ್ನು ಊಟಕ್ಕೆ ಕಳಿಸಿದರು. ಬರೆದುಕೊಟ್ಟ ಸ್ವರಗಳೂ ಅವಳ ಬೆರಳಿಗೆ ಒಗ್ಗಲಿಲ್ಲ. "ನಿಮಗೆ ಬರೋದೇ ಏನಾದ್ರೂ ದುಃಖದ್ದು ಊದಿ," ಎಂದ ಫ್ರೇಸರ್ ಸೋತು. ಎಫಿಯ ಮನೆಯ ಹಸು ಬ್ಲಾರಗ್ ಜೌಗಿನಲ್ಲಿ ಹೂತು ಸತ್ತಾಗ ಅಪ್ಪ ಕಟ್ಟಿದ್ದ ಮಟ್ಟೊಂದಿತ್ತು. ಅದನ್ನೇ ಊದಿದಳು. ಗಾಜಿನಾಚೆ ಯಾರೂ ಅಲುಗಾಡಲಿಲ್ಲ. "ಇದೇ," ಎಂದ ಫ್ರೇಸರ್. ಯಾವ ಮಟ್ಟೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಚಳಿಗಾಲದಲ್ಲಿ ಹೋಟೆಲಿನ ಬಾರಿನಲ್ಲಿ ನಾವೆಲ್ಲ ಸೇರಿ ನೋಡಿದೆವು. ರಾಜನ ಹೆಣ ಹೊತ್ತು ಬೆಟ್ಟ ಇಳಿಯುತ್ತಿದ್ದರು. ಪೈಪು ಹಿಡಿದ ನಟನ ಬೆರಳುಗಳು ಕೋಳಿಗೆ ಕಾಳು ಎರಚುವಂತೆ ಆಡುತ್ತಿದ್ದವು. ಎಫಿಯ ತಮ್ಮ ಲಾಕ್ಲನ್ ಗ್ಲಾಸು ಕೆಳಗಿಟ್ಟ.

"ಅಕ್ಕಾ, ಇದು ನಮ್ ಬ್ಲಾರಗ್‌ದಲ್ವೇನೇ! ಇಡೀ ದೇಶ ನಮ್ ಹಸೂಗೆ ಅಳ್ತಾ ಕೂತಿದ್ಯಲ್ಲೇ!"

"ಬಾಯ್ಮುಚ್ಚೋ. ಆ ರಾಜನಿಗಿಂತ ಅವಳೇ ವಾಸಿ, ಹಾಲಾದ್ರೂ ಕೊಡ್ತಿದ್ಲು."

ಬಾರಿಗೆ ಬಾರೇ ನಕ್ಕಿತು.

ವಸಂತದಲ್ಲಿ ಎಫಿಯ ಪಕ್ಕದ ಮನೆಯ ಮುದುಕಿ ಶೋನಾಕ್ ತೀರಿಕೊಂಡಳು. ಅವಳ ಮಗಳು ಕ್ರಿಸ್ಸಿ ಬಂದಳು. "ಎಫೀ, ಅಮ್ಮನಿಗೆ ಆ ರಾಜಂದು ಊದ್ತೀಯಾ? ಅವತ್ತು ನಾವಿಬ್ರೂ ಮನೇಲೇ ಟೀವಿ ನೋಡ್ತಿದ್ವಿ, ಸೌಂಡ್ ಜಾಸ್ತಿ ಮಾಡೇ ಅಂದಿದ್ಲು."

ಎಫಿ ತಮ್ಮನ ಮುಖ ನೋಡಿದಳು. ಲಾಕ್ಲನ್ ಎದ್ದುಹೋಗಿ ಒಲೆ ಕೆದಕತೊಡಗಿದ.

"ಊದ್ತೀನಿ, ಬಿಡು," ಎಂದಳು.

ಗೋರಿಗಳ ದಿಬ್ಬದವರೆಗೂ ಎದುರುಗಾಳಿ. ಹಿಂದೆ ಶವಪೆಟ್ಟಿಗೆಗೆ ಹೆಗಲು ಬದಲಿಸುತ್ತ ಗಂಡಸರು ನಡೆದರು. ಎಫಿ ಚೀಲ ಒತ್ತಿ ಹಿಡಿದು ಎಲ್ಲೂ ನಿಲ್ಲಿಸದೆ ಊದಿದಳು. ಅಂದಿನಿಂದ ಅದಕ್ಕೆ ರಾಜನ ಮಟ್ಟು ಅಂತಲೇ ಹೆಸರು. ಅವಳು ತಿದ್ದಲು ಹೋಗಲಿಲ್ಲ.

ಮರುವರ್ಷ ಧಾರಾವಾಹಿಯ ಎರಡನೇ ಭಾಗಕ್ಕೆ ಫ್ರೇಸರ್ ಮತ್ತೆ ಕರೆದ. ಈ ಸಲ ರಾಣಿ ಸಾಯುವವಳಿದ್ದಳು. "ಕುರಿ ಮರಿ ಹಾಕೋ ಕಾಲ, ಬರೋಕಾಗಲ್ಲಪ್ಪ," ಎಂದಳು ಎಫಿ. ಅವರು ಕಂಪ್ಯೂಟರಿನಲ್ಲೇ ಪೈಪಿನ ದನಿ ಮಾಡಿಕೊಂಡರು. ನಾವು ನೋಡಿದೆವು, ಪರವಾಗಿಲ್ಲ ಅನ್ನಿಸಿತು. ಎಫಿ ನೋಡಲಿಲ್ಲ, ಅಂದು ಅವಳು ಊದಬೇಕಾದ ಮದುವೆಯೊಂದಿತ್ತು.